ಬಂದರಿನ ಗುಮಾಸ್ತನ ತಪ್ಪಲ್ಲ

ದಾಖಲೆಯಲ್ಲಿ ಹೆಸರು ತಪ್ಪಾಗಿದ್ದರೆ ಎಲ್ಲರೂ ಮೊದಲು ಬೈಯುವುದು ಗುಮಾಸ್ತನನ್ನು. ಮದುವೆಗೆ ಮುಂಚೆ ಏಳು ವರ್ಷ ನಾನು ಹಳೇ ಮೈಸೂರು ಸೀಮೆಯ ಒಂದು ಪುರಸಭೆಯಲ್ಲಿ ಜನನ ಮರಣ ನೋಂದಣಿಯ ಗುಮಾಸ್ತೆಯಾಗಿದ್ದೆ, ಆದ್ದರಿಂದ ಆ ಬೈಗುಳದ ರುಚಿ ನನಗೆ ಗೊತ್ತು. ಕಿಟಕಿಯ ಆಚೆ ಇಪ್ಪತ್ತು ಜನ ನಿಂತಿರುತ್ತಿದ್ದರು. ಹೆರಿಗೆ ಆಸ್ಪತ್ರೆಯ ಚೀಟಿ ಬೆವರಿಗೆ ಒದ್ದೆಯಾಗಿರುತ್ತಿತ್ತು. ಮಗುವಿನ ಅಪ್ಪನ ಹೆಸರು ಕೇಳಿದರೆ ಅಜ್ಜಿ ತನ್ನ ಮಗನನ್ನು ಮನೆಯಲ್ಲಿ ಕೂಗುವ ಹೆಸರು ಹೇಳುತ್ತಿದ್ದಳು. ಹೇಳಿದ್ದನ್ನು ನಾನು ಬರೆದುಕೊಳ್ಳುತ್ತಿದ್ದೆ. ಇಪ್ಪತ್ತು ವರ್ಷದ ಮೇಲೆ ಆ ಮಗು ಪಾಸ್‌ಪೋರ್ಟಿಗೆ ಅಪ್ಲೈ ಮಾಡುವಾಗ, ಯಾವಳೋ ಗುಮಾಸ್ತೆ ತಪ್ಪು ಬರೆದಿದ್ದಾಳೆ ಎಂದು ಹಲ್ಲು ಕಡಿಯುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಏಳು ವರ್ಷದಲ್ಲಿ ಬೇಕೆಂದೇ ಒಂದು ಹೆಸರನ್ನೂ ನಾನು ತಪ್ಪಾಗಿ ಬರೆದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಮದುವೆಯಾಗಿ ಅಮೆರಿಕಕ್ಕೆ ಬಂದ ಮೇಲೆ, ಕ್ಯಾಲಿಫೋರ್ನಿಯಾದ ಪಸಡೀನಾದ ನಮ್ಮ ಮನೆಯಲ್ಲಿ ಮೂರು ಜನಕ್ಕೆ ಮೂರು ಸರ್‌ನೇಮ್ ಇದ್ದವು. ನಮ್ಮ ಕಡೆ ಮನೆತನದ ಹೆಸರು ಹಚ್ಚಿಕೊಳ್ಳುವ ಪದ್ಧತಿಯೇ ಇರಲಿಲ್ಲ, ಇನಿಷಿಯಲ್ ಒಂದಿದ್ದರೆ ಸಾಕಾಗಿತ್ತು. ಪಾಸ್‌ಪೋರ್ಟಿನವರು ಲಾಸ್ಟ್ ನೇಮ್ ಬೇಕೇ ಬೇಕು ಎಂದದ್ದಕ್ಕೆ ನನಗೆ ನನ್ನ ತಂದೆಯ ಹೆಸರು ಅಂಟಿಕೊಂಡಿತು, ಗಂಡನಿಗೆ ಅವರ ತಂದೆಯದು. ಮಗಳು ಇಲ್ಲೇ ಹುಟ್ಟಿದಾಗ ಆ ಜಾಗದಲ್ಲಿ ಗಂಡ ತಮ್ಮ ಸ್ವಂತ ಹೆಸರನ್ನು ಬರೆದರು. ಏರ್‌ಪೋರ್ಟಿನಲ್ಲಿ ಅಧಿಕಾರಿಗಳು ಮೂರು ಪಾಸ್‌ಪೋರ್ಟುಗಳನ್ನು ಇಸ್ಪೀಟೆಲೆಯ ಹಾಗೆ ಹರಡಿ, ನೀವೆಲ್ಲ ಒಂದೇ ಕುಟುಂಬವೇ ಎಂದು ಕೇಳುತ್ತಿದ್ದರು. ಗಂಡ ನಗುತ್ತಿದ್ದರು. ಬೇರೆಯವರಿಗೆ ಸರ್‌ನೇಮ್ ಎಂದರೆ ಒಂದು ವಂಶ. ನನ್ನ ಮಗಳಿಗೆ ಅದು ಒಬ್ಬನೇ ಮನುಷ್ಯ, ಅವಳ ಅಪ್ಪ.

2020ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಆಸ್ಪತ್ರೆಯೊಳಗೆ ಯಾರನ್ನೂ ಬಿಡದ ಕಾಲ ಅದು. ನರ್ಸ್ ಒಬ್ಬಳು ವಿಡಿಯೊ ಕಾಲ್‌ಗೆಂದು ಅವರ ಮುಂದೆ ಟ್ಯಾಬ್ಲೆಟ್ ಹಿಡಿದು ನಿಂತಳು. ನಾನು ಪಸಡೀನಾದ ಅಡುಗೆಮನೆಯಲ್ಲಿದ್ದೆ, ಮಗಳು ಸ್ಯಾನ್ ಡಿಯಾಗೋದ ಲಾ ಹೋಯಾದಲ್ಲಿ ತನ್ನ ಲ್ಯಾಬಿನ ಪಾರ್ಕಿಂಗ್ ಲಾಟಿನಲ್ಲಿ ಕಾರೊಳಗೆ ಕೂತಿದ್ದಳು. ಅವಳಿಗೆ ಅದೇ ಊರಿನ ಒಬ್ಬ ಐರಿಷ್ ಮೂಲದ ಹುಡುಗನ ಜೊತೆ ಆಗಲೇ ಮದುವೆ ಗೊತ್ತಾಗಿತ್ತು.

"ಮದ್ವೆ ನೋಡಕ್ಕೆ ನಾನಿರ್ತೀನೋ ಇಲ್ವೋ," ಎಂದರು ಗಂಡ, ಉಸಿರು ಎಳೆದುಕೊಳ್ಳುತ್ತಾ. "ಹೋಗ್ಲಿ ಬಿಡು. ನನ್ನ ಹೆಸರಂತೂ ನಿನ್ನ ಜೊತೆ ಬರತ್ತಲ್ಲ."

"ಯಾವತ್ತೂ ತೆಗೆಯಲ್ಲ ಅಪ್ಪ. ಪ್ರಾಮಿಸ್," ಎಂದಳು ಮಗಳು.

ನಮ್ಮ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ತೀರಾ ಮುಖ್ಯವಾದದ್ದಿದ್ದರೆ ಮಾತ್ರ ಕನ್ನಡ ಬರುತ್ತದೆ. ಅವತ್ತು ಕನ್ನಡದಲ್ಲಿ ಹೇಳಿದಳು. ಗಂಡ ಹೋದ ಮೇಲೆ ನನ್ನ ಕೈಯಲ್ಲಿ ಉಳಿದದ್ದು ಆ ಮಾತು. ಅವರ ಬಟ್ಟೆಗಳನ್ನು ಕೊಟ್ಟೆ, ಕಾರು ಮಾರಿದೆ, ಬ್ಯಾಂಕಿನಿಂದ ಅವರ ಹೆಸರು ತೆಗೆಸಿದೆ. ಮಗಳ ಹೆಸರಿನ ಕೊನೆಯಲ್ಲಿ ಅವರಿದ್ದಾರಲ್ಲ ಎಂದುಕೊಂಡೇ ಅದನ್ನೆಲ್ಲ ಮಾಡಿದ್ದು.

ಸತ್ತ ವರ್ಷದೊಳಗೆ ಮನೆಯಲ್ಲಿ ಒಂದು ಕನ್ಯಾದಾನ ಆಗಬೇಕು ಎನ್ನುತ್ತಾರೆ. 2021ರ ಆಗಸ್ಟಿನಲ್ಲಿ ಬೀಗರ ಹಿತ್ತಿಲಿನಲ್ಲೇ ಮೂವತ್ತು ಕುರ್ಚಿ ಹಾಕಿ ಮದುವೆ ಮಾಡಿದೆವು. ಕಾಗದಪತ್ರದ ಕೆಲಸವನ್ನು ಹುಡುಗ ಹುಡುಗಿ ಮೊದಲೇ ಮುಗಿಸಿಕೊಂಡು ಬಂದಿದ್ದರು. ಊಟ ಆದಮೇಲೆ ಬೀಗಿತ್ತಿ ನನ್ನ ಪಕ್ಕ ಬಂದು ಕೂತರು. ಅವರೂ ವಿಧವೆ, ಶಾಲೆಯಲ್ಲಿ ನರ್ಸಾಗಿದ್ದು ರಿಟೈರ್ ಆದವರು, ಗಟ್ಟಿಯಾಗಿ ನಗುವವರು. ಅವರ ಗಂಡನ ಮುತ್ತಾತ ಐರ್ಲೆಂಡಿನಿಂದ ಬರುವಾಗ ಸರ್‌ನೇಮಿನ ಮೊದಲು ಒಂದು 'ಓ' ಇತ್ತಂತೆ. ಅಮೆರಿಕದ ಬಂದರಿನಲ್ಲಿ ಇಳಿದಾಗ ಸೋಮಾರಿ ಗುಮಾಸ್ತನೊಬ್ಬ ಅದನ್ನು ಹಾರಿಸಿಬಿಟ್ಟನಂತೆ. ಅಂದಿನಿಂದ ಮನೆಯವರೆಲ್ಲ ಅವನನ್ನು ಬೈದುಕೊಂಡು ಬಂದಿದ್ದಾರೆ.

ನನಗೆ ರೇಗಿತು. ಮದುವೆಯ ದಿನ ಬೀಗಿತ್ತಿಯ ಹತ್ತಿರ ಜಗಳ ಕಾಯಬಾರದು ಎಂದು ಸುಮ್ಮನಿದ್ದೆ. ಮಾರನೆಯ ವಾರವೇ ಫೋನ್ ಮಾಡಿ, ಆ ಗುಮಾಸ್ತನ ಪರವಾಗಿ ನಾನು ವಾದ ಮಾಡುತ್ತೇನೆ, ನಿಮ್ಮ ಹತ್ತಿರ ಏನೇನು ಕಾಗದ ಇವೆಯೋ ಎಲ್ಲ ಕಳಿಸಿ ಎಂದೆ. ಕೆಲಸವಿಲ್ಲದ ವಿಧವೆಗೆ ಅದಕ್ಕಿಂತ ಒಳ್ಳೆಯ ಉದ್ಯೋಗ ಬೇಕೇ?

ಹಾಗೆ ಶುರುವಾದದ್ದು ಎರಡು ವರ್ಷ ನಡೆಯಿತು. ಬಂದರಿನ ಕಥೆ ಆ ಒಂದು ಮನೆಯದಲ್ಲ, ಅರ್ಧ ಅಮೆರಿಕವೇ ಹೇಳಿಕೊಳ್ಳುವ ಕಥೆ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಡಗಿನ ಪ್ರಯಾಣಿಕರ ಪಟ್ಟಿ ತಯಾರಾಗುತ್ತಿದ್ದದ್ದು ಹೊರಡುವ ಕಡೆ. ಇಳಿಯುವ ಕಡೆಯವರು ಆ ಪಟ್ಟಿ ಹಿಡಿದು ಹೆಸರು ಕರೆದು ಗುರುತು ಹಾಕುತ್ತಿದ್ದರು, ಅಷ್ಟೇ. ಮುತ್ತಾತನ ಹಡಗಿನ ಪಟ್ಟಿ ಸಿಕ್ಕಿತು. ಅದರಲ್ಲಿ 'ಓ' ನೆಟ್ಟಗೆ ಕೂತಿತ್ತು.

ಆದರೆ ಅದರ ಹಿಂದಕ್ಕೆ ಹೋದರೆ ದೊಡ್ಡ ಕಾಡು. ಚರ್ಚಿನ ಪುಸ್ತಕದಲ್ಲಿ ಒಂದೇ ತಂದೆಯ ಐದು ಮಕ್ಕಳಿಗೆ ನಾಲ್ಕು ಬಗೆಯ ಸರ್‌ನೇಮ್! ಬೀಗಿತ್ತಿ ತಲೆ ಮೇಲೆ ಕೈ ಹೊತ್ತರು. ನನಗೆ ಅದು ನನ್ನ ಹಳೆಯ ಕಿಟಕಿಯ ಹಾಗೇ ಕಂಡಿತು. ಆ ಜನ ಆಡುತ್ತಿದ್ದದ್ದು ಐರಿಷ್ ಭಾಷೆ, ಬರೆಯುವವನಿಗೆ ಬರುತ್ತಿದ್ದದ್ದು ಇಂಗ್ಲಿಷ್. ನಮ್ಮ ಳ ಮತ್ತು ಣಗಳನ್ನು ಇಂಗ್ಲಿಷಿನಲ್ಲಿ ಬರೆಯಲು ಕೊಟ್ಟರೆ ಏನಾಗುತ್ತದೆಯೋ ಅಲ್ಲೂ ಅದೇ ಆಯಿತು. ಪಾದ್ರಿ ಒಂದು ಥರ ಕೇಳಿಸಿಕೊಂಡ, ಜಮೀನುದಾರನ ಕರಣಿಕ ಇನ್ನೊಂದು ಥರ, ಜನಗಣತಿಯವನು ಮತ್ತೊಂದು ಥರ. ಹೇಳಿದವನಿಗೆ ಓದಲು ಬಾರದು, ಸರಿಯಾಗಿದೆಯೇ ಎಂದು ನೋಡುವುದು ಹೇಗೆ? ಅವರಲ್ಲಿ 'ಓ' ಎಂದರೆ ಮೊಮ್ಮಗ, 'ಮ್ಯಾಕ್' ಎಂದರೆ ಮಗ. ಇಂಗ್ಲಿಷರ ಆಳ್ವಿಕೆಯಲ್ಲಿ ಆ ಗುರುತು ಇದ್ದರೆ ಕೆಲಸ ಸಿಗುವುದು ಕಷ್ಟ ಎಂದು ಎಷ್ಟೋ ಜನ ಬಿಟ್ಟರು. ಕಾಲ ಬದಲಾದಾಗ ಕೆಲವರು ಮತ್ತೆ ಹಚ್ಚಿಕೊಂಡರು, ಅದೂ ಒಂದೇ ಮನೆಯಲ್ಲಿ ಅಣ್ಣ ಹಚ್ಚಿಕೊಂಡರೆ ತಮ್ಮ ಇಲ್ಲ. ಕಮ್ಮಾರನ ಮಗ ಎಂಬ ಅರ್ಥದ ಹೆಸರನ್ನು ಇಂಗ್ಲಿಷಿಗೆ ತಿರುಗಿಸಿ ಬರೀ ಕಮ್ಮಾರ ಎಂದು ಬದುಕಿದವರೂ ಇದ್ದಾರೆ. ಇದೆಲ್ಲ ಸಾಲದು ಎಂದು ಈಗಿನ ಕಾಲದಲ್ಲಿ ಆ ಹಳೆಯ ಅಕ್ಷರ ನೋಡಿ ಕಂಪ್ಯೂಟರಿಗೆ ಇಳಿಸಿದವರ ಕಣ್ತಪ್ಪು ಬೇರೆ.

ಆದ್ದರಿಂದ ನಾನು ಹೆಸರನ್ನು ಹುಡುಕುವುದು ಬಿಟ್ಟು ಸಾಕ್ಷಿಗಳನ್ನು ಹುಡುಕಿದೆ. ಚರ್ಚಿನಲ್ಲಿ ಮಗುವಿನ ಜ್ಞಾನಸ್ನಾನಕ್ಕೆ ಸಾಕ್ಷಿಯಾಗಿ ಯಾರು ನಿಂತರು ಎಂದು ಆ ಪುಸ್ತಕಗಳಲ್ಲಿ ಬರೆದಿರುತ್ತಾರೆ. ನಮ್ಮಲ್ಲಿ ತೊಟ್ಟಿಲಿಗೆ ಸೋದರತ್ತೆ ಬಂದ ಹಾಗೆ, ಅವರಲ್ಲೂ ಬರುವವರು ಒಳಗಿನವರೇ. ಸರ್‌ನೇಮ್ ನಾಲ್ಕು ವೇಷ ಹಾಕಿದರೂ ಪಕ್ಕದಲ್ಲಿ ನಿಂತ ಚಿಕ್ಕಪ್ಪ, ಅತ್ತೆ ಅವರೇ. ಹೀಗೆ ಐದು ಮಕ್ಕಳನ್ನೂ ಒಂದೇ ಒಲೆಯ ಸುತ್ತ ಕೂರಿಸಿದೆ. ಆ ದಿನ ಬೀಗಿತ್ತಿ ಸ್ಯಾನ್ ಡಿಯಾಗೋದಿಂದ ಡ್ರೈವ್ ಮಾಡಿಕೊಂಡು ಬಂದು ನನ್ನನ್ನು ತಬ್ಬಿಕೊಂಡರು. ಪಸಡೀನಾದ ವಂಶಚರಿತ್ರೆಯ ಆಸಕ್ತರ ಒಂದು ಸಣ್ಣ ಗುಂಪು ನನ್ನನ್ನು ಕರೆದು ಹೊಸಬರಿಗೆ ಪಾಠ ಮಾಡಿ ಎಂದಿತು.

'ಓ' ಎಲ್ಲಿ ಹೋಯಿತು ಎಂಬುದು ಕೊನೆಗೆ ಗೊತ್ತಾಯಿತು. ಹಡಗು ಇಳಿದು ಎಷ್ಟೋ ವರ್ಷದ ನಂತರ ಲಾಸ್ ಏಂಜಲೀಸಿನಲ್ಲಿ ಮುತ್ತಾತ ಪೌರತ್ವಕ್ಕೆ ಕೊಟ್ಟ ಅರ್ಜಿ ಸಿಕ್ಕಿತು. ಅಷ್ಟು ಹೊತ್ತಿಗೆ ಅವನು ಓದುಬರಹ ಕಲಿತಿದ್ದ. ಸಹಿ ದುಂಡಗೆ, ತಿದ್ದಿ ತೀಡಿ ಮಾಡಿದ್ದ. ಅದರಲ್ಲಿ 'ಓ' ಇರಲಿಲ್ಲ. ಯಾರೂ ಕಿತ್ತುಕೊಂಡಿರಲಿಲ್ಲ, ತಾನೇ ಬಿಟ್ಟಿದ್ದ.

ಬೀಗಿತ್ತಿ ಅತ್ತರು. "ಅಪ್ಪನ ಹೆಸರನ್ನು ಹೀಗೆ ಬಿಡಲು ಮನಸ್ಸಾದರೂ ಹೇಗೆ ಬಂತು?" ಎಂದು ಕೇಳಿದರು.

ನಾನು ದೊಡ್ಡ ಮನಸ್ಸಿನವಳ ಹಾಗೆ ಸಮಾಧಾನ ಹೇಳಿದೆ. ಪರದೇಶಕ್ಕೆ ಬಂದವರ ಕಷ್ಟ ನಿಮಗೆ ಗೊತ್ತಿಲ್ಲ, ಹೊಟ್ಟೆಪಾಡು, ಅವನಿಗೂ ಒಳಗೊಳಗೆ ನೋವಾಗಿರುತ್ತದೆ, ಕ್ಷಮಿಸಿಬಿಡಿ ಎಂದೆ. ಸತ್ತು ನೂರು ವರ್ಷವಾದವನನ್ನು ಕ್ಷಮಿಸುವುದಕ್ಕೆ ಏನು ಕಷ್ಟ?

2023ರಲ್ಲಿ ಮೊಮ್ಮಗ ಹುಟ್ಟಿದ. ಅವನ ಸರ್‌ನೇಮಿಗೆ 'ಓ' ಸೇರಿಸುತ್ತೇವೆ, ಇದು ನಿಮ್ಮ ಕೆಲಸಕ್ಕೆ ನಮ್ಮ ಮರ್ಯಾದೆ ಎಂದರು ಬೀಗಿತ್ತಿ. ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರಿಡುವುದು ಅವರಲ್ಲೂ ಪದ್ಧತಿ, ಆದ್ದರಿಂದ ಮೊದಲ ಹೆಸರು ಬೀಗರದಾಯಿತು. ನಾನು ಬೇಡ ಎನ್ನಲಿಲ್ಲ. ನಡುವಿನ ಹೆಸರು ಮಾತ್ರ ಅಪ್ಪನದು ಇಡೇ ಎಂದು ಮಗಳನ್ನು ಕೇಳಿದೆ. ಕೇಳಿದೆ ಎನ್ನುವುದಕ್ಕಿಂತ ಬೇಡಿಕೊಂಡೆ.

"ನನ್ನ ಹೆಸ್ರಲ್ಲೇ ಅಪ್ಪ ಇದಾರಲ್ಲ ಅಮ್ಮ," ಎಂದಳು. "ಇನ್ನೆಷ್ಟು ಸಲ ಬರೀಬೇಕು?"

ಅದನ್ನೂ ಕನ್ನಡದಲ್ಲೇ ಹೇಳಿದಳು. ನಾನು ನಂಬಿದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಸ್ವೆಟರ್ ಹಾಕಿಕೊಂಡು ಎಡಗೈ ತೋಳನ್ನು ಬೆರಳಿನವರೆಗೂ ಎಳೆದುಕೊಂಡಿದ್ದಳು. ಬಾಣಂತಿಗೆ ಚಳಿ ಎಂದು ನಾನೇ ಇನ್ನೊಂದು ಕಂಬಳಿ ಹೊದಿಸಿದೆ.

ವಂಶವೃಕ್ಷ ಬರೆಯುವುದಕ್ಕೆ ಒಂದು ನಿಯಮವಿದೆ. ನಿಮ್ಮಿಂದ ಶುರು ಮಾಡಿ, ಬದುಕಿರುವವರ ದಾಖಲೆ ಮೊದಲು ತರಿಸಿ, ಬಾಯಿಮಾತು ನಂಬಬೇಡಿ. ಪ್ರತಿ ಪಾಠದಲ್ಲೂ ಮೊದಲು ನಾನು ಹೇಳುತ್ತಿದ್ದದ್ದು ಇದೇ. ಈ ವರ್ಷದ ಮೊದಲಲ್ಲಿ ಒಬ್ಬ ಹೊಸ ವಿದ್ಯಾರ್ಥಿನಿ ಕೈ ಎತ್ತಿ, ನೀವು ನಿಮ್ಮ ಮಗಳ ಮದುವೆಯ ದಾಖಲೆ ತರಿಸಿದ್ದೀರಾ ಎಂದು ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ದೀಪದ ಬುಡದಲ್ಲೇ ಕತ್ತಲೆ ಎಂದುಕೊಂಡೆ. ಮೊಮ್ಮಗನ ಎರಡನೆಯ ಹುಟ್ಟುಹಬ್ಬಕ್ಕೆ ಎರಡೂ ಕಡೆಯ ವಂಶವೃಕ್ಷವನ್ನು ಕೈಯಲ್ಲೇ ಬರೆದು ಕೊಡುವುದೆಂದು ಹೇಗೂ ನಿಶ್ಚಯ ಮಾಡಿದ್ದೆ. ಕರಡಿನಲ್ಲಿ ಮಗಳು ಅಳಿಯನ ಕೆಳಗಿನ ಸಾಲು ಮಾತ್ರ ನೆನಪಿನಿಂದ ತುಂಬಿದ್ದೆ.

ಬೀಗಿತ್ತಿಗೆ ಫೋನ್ ಮಾಡಿ, ಮಕ್ಕಳ ಮದುವೆ ಸರ್ಟಿಫಿಕೇಟಿನ ಪ್ರತಿ ಬೇಕಿತ್ತು ಎಂದೆ. ಅವರು ತಡವರಿಸಿದರು. ಬದುಕಿರುವವರದ್ದು ಯಾಕೆ ಬಿಡಿ, ಎಂದರು. ಆಮೇಲೆ ನನ್ನ ಮಂಡಿ ನೋವು ಹೇಗಿದೆ ಎಂದು ವಿಚಾರಿಸಿದರು.

ಸರಿ, ನಾನೇ ತಂದರಾಯಿತು ಎಂದು ಒಂದು ಬೆಳಗ್ಗೆ ಮೆಟ್ರೋ ಹಿಡಿದು ಲಾಸ್ ಏಂಜಲೀಸಿನ ಯೂನಿಯನ್ ಸ್ಟೇಷನ್‌ಗೆ ಹೋಗಿ, ಅಲ್ಲಿಂದ ಕಡಲ ಪಕ್ಕದ ರೈಲಿನಲ್ಲಿ ಸ್ಯಾನ್ ಡಿಯಾಗೋಗೆ ಹೋದೆ. ಮದುವೆ ದಾಖಲೆ ಕೊಡುವ ಕಚೇರಿ ಅಲ್ಲಿ ಬಂದರಿನ ಎದುರಿಗೇ ಇದೆ. ತಾಯಿ ಎಂದು ಪ್ರಮಾಣ ಮಾಡಿ ಸಹಿ ಹಾಕಿದೆ. ಕಿಟಕಿಯ ಆಚೆ ಮೂವತ್ತರ ಹುಡುಗಿ, ಉದ್ದ ಉಗುರು, ಚುರುಕು. ಕಾಗದ ತಂದು ನನ್ನ ಕಡೆ ತಿರುಗಿಸಿ, ಹೆಸರುಗಳು ಸರಿ ಇವೆಯೇ ನೋಡಿಕೊಳ್ಳಿ ಎಂದಳು. ನಾನೂ ಎಷ್ಟು ಸಾವಿರ ಜನಕ್ಕೆ ಆ ಮಾತು ಹೇಳಿದ್ದೆನೋ!

ಮೇಲುಗಡೆ ಮಗಳ ಹೆಸರು, ಕೊನೆಯಲ್ಲಿ ನನ್ನ ಗಂಡನ ಹೆಸರು. ಅದರ ಕೆಳಗೆ ಮದುವೆಯ ನಂತರದ ಹೆಸರು ಎಂಬ ಜಾಗ. ಈ ರಾಜ್ಯದಲ್ಲಿ ಮದುವೆಗೆ ಅರ್ಜಿ ಹಾಕುವಾಗಲೇ ಹೊಸ ಹೆಸರು ಬರೆದುಕೊಡಬಹುದು, ಆ ಜಾಗ ಅದಕ್ಕೇ ಇರುವುದು. ಅಲ್ಲಿ ಅವಳ ಹೆಸರು, ನಡುವಿನ ಕಾಲಂನಲ್ಲಿ ಒಂದು ಗೆರೆ, ಕೊನೆಯಲ್ಲಿ ಬೀಗರ ಸರ್‌ನೇಮ್. ತಂದೆ ಹೋಗಿ ಎಂಟು ತಿಂಗಳು ಕೂಡ ಆಗಿರಲಿಲ್ಲ. ಅಡಿಯಲ್ಲಿ ಸಹಿ ಹಳೆಯ ಹೆಸರಿನಲ್ಲಿತ್ತು. ಅಪ್ಪನ ಹೆಸರನ್ನು ಅವಳು ಕೊನೆಯ ಸಲ ಬರೆದದ್ದು, ಅದನ್ನು ತೆಗೆದುಹಾಕುವ ಕಾಗದದ ಮೇಲೆ.

"ಸರಿ ಇದೆಯಾ?" ಎಂದು ಆ ಹುಡುಗಿ ಮತ್ತೆ ಕೇಳಿದಳು. ಸರಿ ಇದೆ ಎಂದೆ. ಅವಳ ತಪ್ಪೇನಿತ್ತು?

ಹೊರಗೆ ಬೆಂಚಿನ ಮೇಲೆ ಕೂತು ನಾಲ್ಕು ವರ್ಷವನ್ನು ಮತ್ತೆ ನೋಡಿದೆ. ಅವಳ ಮನೆಗೆ ಹೋದಾಗಲೆಲ್ಲ ಟಪಾಲನ್ನು ನನಗಿಂತ ಮೊದಲು ಓಡಿಹೋಗಿ ತರುತ್ತಿದ್ದಳು. ನಾನು ಸಂಡಿಗೆ, ಚಟ್ನಿಪುಡಿಯ ಪಾರ್ಸೆಲ್ ಮೇಲೆ ಹಳೆಯ ಹೆಸರು ದೊಡ್ಡದಾಗಿ ಬರೆದು ಕಳಿಸುತ್ತಿದ್ದೆ. ಅದನ್ನು ತೆಗೆದುಕೊಂಡು ಥ್ಯಾಂಕ್ಸ್ ಅಮ್ಮ ಎನ್ನುತ್ತಿದ್ದಳು. ಆಸ್ಪತ್ರೆಯಲ್ಲಿ ತೋಳು ಎಳೆದುಕೊಂಡದ್ದು ಚಳಿಗಲ್ಲ, ಮಣಿಕಟ್ಟಿಗೆ ಹೆಸರಿನ ಪಟ್ಟಿ ಕಟ್ಟಿರುತ್ತಾರಲ್ಲ, ಅದಕ್ಕೆ. ಅದರ ಮೇಲೆ ನಾನೇ ಕಂಬಳಿ ಹೊದಿಸಿದ್ದೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರಲ್ಲ, ಹಾಗೆ ನಾನು ಕಂಡವರ ಮನೆಯ 'ಓ' ಹುಡುಕಿಕೊಡುತ್ತಾ ಕೂತಿದ್ದೆ.

ಅಲ್ಲಿಂದ ನೇರವಾಗಿ ಅವಳ ಮನೆಗೆ ಹೋದೆ. ಮಗುವಿಗೆ ಮೊಸರನ್ನ ತಿನ್ನಿಸುತ್ತಿದ್ದಳು. ಕಾಗದವನ್ನು ಮೇಜಿನ ಮೇಲಿಟ್ಟೆ. ನೋಡಿದ ಕೂಡಲೇ ಅವಳ ಮುಖ ಬಿಳಿಚಿಕೊಂಡಿತು. ಅಳಿಯ ಮಗುವನ್ನು ಎತ್ತಿಕೊಂಡು ಹೊರಗೆ ಹೋದ. ನನಗೆ ಗೊತ್ತಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

"ಐ ವಾಸ್ ಗೋಯಿಂಗ್ ಟು ಟೆಲ್ ಯೂ," ಎಂದಳು.

"ಕನ್ನಡದಲ್ಲಿ ಹೇಳು. ಸುಳ್ಳು ಹೇಳಕ್ಕೆ ಕನ್ನಡ ಬರತ್ತಲ್ಲ ನಿಂಗೆ."

ಚಮಚವನ್ನು ಬಟ್ಟಲಿನಲ್ಲಿ ಇಟ್ಟಳು. "ಅಪ್ಪ ಹೋದ್ಮೇಲೆ ಎಲ್ಲಿ ಹೋದ್ರೂ ಅಪ್ಪನ್ನೇ ಕರೀತಿದ್ರು ಅಮ್ಮ," ಎಂದಳು. "ಫಾರ್ಮಸೀಲಿ, ಡೆಂಟಿಸ್ಟ್ ಹತ್ರ, ಲ್ಯಾಬಲ್ಲಿ. ಮಿಸ್ ಅಂತ ಹೇಳಿ ಅಪ್ಪನ ಹೆಸ್ರು. ಅದೂ ಅರ್ಧಂಬರ್ಧ. ಪ್ರತೀ ಸಲ ಆ ನರ್ಸ್ ಟ್ಯಾಬ್ಲೆಟ್ ಹಿಡ್ಕೊಂಡ ಹಾಗೇ ಆಗ್ತಿತ್ತು. ಐ ಕುಡ್ ನಾಟ್ ಬ್ರೀದ್."

ಅದು ನಿಜವೇ ಇರಬಹುದು. ನಿಜ ಎಂದೇ ನಂಬುತ್ತೇನೆ. "ನಂಗೆ ಯಾಕೆ ಹೇಳ್ಲಿಲ್ಲ?" ಎಂದೆ.

"ಹೇಳಿದ್ರೆ ನೀನು ಸತ್ತೋಗ್ತೀಯ ಅಂತ ಅಂದ್ಕೊಂಡೆ."

"ಮಗೂಗೆ ಇಡು ಅಂತ ಬೇಡ್ಕೊಂಡ್ನಲ್ಲ, ಆಗ? ಆಗ ನಿನ್ನ ಹೆಸ್ರಲ್ಲೇ ಇದಾರೆ ಅಂದ್ಯಲ್ಲ?"

ಅವಳು ಎದ್ದು ಮಗುವಿನ ಬಟ್ಟಲನ್ನು ತೊಳೆಯತೊಡಗಿದಳು. ಹೆಸರು ಬಿಟ್ಟದ್ದನ್ನು ನಾನು ಎಂದಾದರೂ ನುಂಗಿಕೊಂಡೇನು. ಆ ಒಂದು ಮಾತನ್ನು ನುಂಗಲಾರೆ. ಮುತ್ತಾತನಿಗೆ ಒಳಗೊಳಗೆ ನೋವಾಗಿರುತ್ತದೆ ಎಂದು ಧಾರಾಳವಾಗಿ ಹೇಳಿದ್ದೆನಲ್ಲ, ಅವನು ನನ್ನ ಎದುರಿಗೆ ಕೂತು ನನ್ನನ್ನು ಅಮ್ಮ ಎಂದು ಕರೆದಿರಲಿಲ್ಲ.

ವಂಶವೃಕ್ಷವನ್ನು ಕೊಡದೆ ಬಿಡುವ ಮನಸ್ಸಾಗಿತ್ತು. ಆದರೆ ಮಗು ಏನು ತಪ್ಪು ಮಾಡಿತ್ತು? ದೊಡ್ಡ ಹಾಳೆ ಹರಡಿಕೊಂಡು, ನೀಲಿ-ಕಪ್ಪು ಶಾಯಿಯಲ್ಲಿ ನನ್ನ ಕಚೇರಿಯ ಅಕ್ಷರದಲ್ಲಿ ಎಲ್ಲ ಬರೆದೆ. ನಾಲ್ಕು ಬಗೆಯ ಸರ್‌ನೇಮನ್ನೂ ಯಾವ ಪುಸ್ತಕದಲ್ಲಿ ಹೇಗಿದೆಯೋ ಹಾಗೆ, ಸಾಕ್ಷಿಗಳ ಸಮೇತ ಬರೆದೆ. ಮುತ್ತಾತನ 'ಓ' ಹಡಗಿನವರೆಗೆ ಇತ್ತು, ಸಹಿಯಲ್ಲಿ ಇರಲಿಲ್ಲ, ಹಾಗೇ ಬರೆದೆ. ಮಗಳ ಜಾಗಕ್ಕೆ ಬಂದಾಗ ಬಂದರಿನಿಂದ ತಂದ ಕಾಗದ ಪಕ್ಕದಲ್ಲೇ ಇತ್ತು. ಅದನ್ನು ಮಗುಚಿ ಇಟ್ಟೆ.

ಹುಟ್ಟುಹಬ್ಬದ ಮಧ್ಯಾಹ್ನ ಬೀಗಿತ್ತಿ ಅದನ್ನು ಹಾಲ್‌ನ ಗೋಡೆಗೆ ತೂಗುಹಾಕಿ ಎಲ್ಲರನ್ನೂ ಕರೆದು ತೋರಿಸಿದರು. ಮೇಲಿನಿಂದ ಬೆರಳಾಡಿಸುತ್ತಾ ಓದಿಕೊಂಡು ಬಂದು ಕೆಳಗಿನ ಸಾಲಿನಲ್ಲಿ, ಮಗಳ ಹೆಸರಿನ ಕೊನೆಯಲ್ಲಿದ್ದ ನನ್ನ ಗಂಡನ ಹೆಸರಿನ ಮೇಲೆ ನಿಂತರು. ಮಗಳು ಅವರ ಹಿಂದೆ ನಿಂತಿದ್ದಳು, ಆಗಲೇ ಓದಿ ಮುಗಿಸಿದ್ದಳು.

"ಇಲ್ಲಿ ಹೆಸರು ತಪ್ಪಾಗಿದೆ," ಎಂದರು ಬೀಗಿತ್ತಿ, ಮೆಲ್ಲಗೆ.

"ಹೌದು," ಎಂದೆ. "ಗುಮಾಸ್ತೆ ತಪ್ಪು ಬರೆದಿದ್ದಾಳೆ. ಬೇಕೆಂದೇ ಬರೆದಿದ್ದಾಳೆ. ಇನ್ನು ನೂರು ವರ್ಷ ಬೈಯಿರಿ."